ಅಕ್ರಿಲಿಕ್ ಬಣ್ಣ, ಮೀಡಿಯಂ ಮತ್ತು ನಿಮ್ಮ ಕೈಯ ಗುರುತು

ನನ್ನ ಮೇಜಿನ ಡ್ರಾಯರಿನಲ್ಲಿ ಅಂಗೈ ಅಗಲದ ದಪ್ಪ ಕಾಗದದ ತುಂಡುಗಳ ಒಂದು ಕಟ್ಟಿದೆ. ಎಲ್ಲದರ ಮೇಲೂ ಬಳಿದಿರುವುದು ಒಂದೇ ನೀಲಿ, ಒಂದೇ ಟ್ಯೂಬಿನದು. ಆದರೆ ಒಂದು ತುಂಡಿನಲ್ಲಿ ಅದು ಗಾಜಿನ ಕೆಳಗೆ ನಿಂತ ನೀರಿನ ಹಾಗೆ ಆಳವಾಗಿ ಕಾಣುತ್ತದೆ. ಇನ್ನೊಂದರಲ್ಲಿ ಸೀಮೆಸುಣ್ಣ ಉಜ್ಜಿದ ಹಾಗೆ ಮಂಕು. ಮೂರನೆಯದರಲ್ಲಿ ಬೆರಳಾಡಿಸಿದರೆ ತರಚುವಷ್ಟು ಒರಟು. ನೋಡಿದವರು ಮೂರೂ ಬೇರೆ ಬೇರೆ ಬಣ್ಣ ಅಂದುಕೊಳ್ಳುತ್ತಾರೆ. ಬೇರೆಯಾಗಿರುವುದು ಬಣ್ಣದ ಜೊತೆ ಕಲಸಿದ ಮೀಡಿಯಂ ಮಾತ್ರ, ಅಂದರೆ ಬಣ್ಣದ ಗುಣ ಬದಲಿಸಲು ಬೆರೆಸುವ ದ್ರವ ಇಲ್ಲವೇ ಜೆಲ್.

ಅಕ್ರಿಲಿಕ್ ಹಿಡಿದವರು ಸಾಮಾನ್ಯವಾಗಿ ಎರಡು ದೂರು ಹೇಳುತ್ತಾರೆ. ಒಂದು, "ಬೇಗ ಒಣಗಿಬಿಡುತ್ತದೆ". ಇನ್ನೊಂದು, "ನಾನು ಮಾಡಿದ್ದೆಲ್ಲ ಇನ್ಯಾರೋ ಮಾಡಿದ ಹಾಗೆ ಕಾಣುತ್ತದೆ, ನನ್ನದೇ ಶೈಲಿ ಅಂತ ಬರುತ್ತಿಲ್ಲ". ಮೊದಲನೆಯದು ರಸಾಯನಶಾಸ್ತ್ರದ ಮಾತು, ಎರಡನೆಯದು ಮನಸ್ಸಿನ ಮಾತು ಎಂದು ಬಹಳ ಕಾಲ ನಾನೂ ಅಂದುಕೊಂಡಿದ್ದೆ. ಈಗ ಎರಡಕ್ಕೂ ಬೇರು ಒಂದೇ ಅನ್ನಿಸುತ್ತದೆ: ಈ ಬಣ್ಣಕ್ಕೆ ತನ್ನದೇ ಮುಖವಿಲ್ಲ.

ಜಲವರ್ಣಕ್ಕೆ ಒಂದು ಸ್ವಭಾವವಿದೆ. ತನ್ನಿಷ್ಟದಂತೆ ಹರಿಯುತ್ತದೆ, ಕಾಗದದ ಬಿಳುಪನ್ನು ಉಳಿಸಿಕೊಂಡೇ ಕೆಲಸ ಮಾಡು ಎಂದು ಹಟ ಹಿಡಿಯುತ್ತದೆ. ತೈಲವರ್ಣ ದಿನಗಟ್ಟಲೆ ಹಸಿಯಾಗಿದ್ದು ತಿದ್ದಿ ತೀಡಲು ಬಿಡುತ್ತದೆ. ಕಲಿಯುವವರು ಆ ಸ್ವಭಾವಕ್ಕೆ ಒಗ್ಗಿಕೊಂಡರೆ ಅರ್ಧ ದಾರಿ ಸವೆದ ಹಾಗೆ. ಅಕ್ರಿಲಿಕ್‌ಗೆ ನೀರು ಹೆಚ್ಚು ಹಾಕಿದರೆ ಜಲವರ್ಣದ ವೇಷ, ಜೆಲ್ ಸೇರಿಸಿದರೆ ತೈಲವರ್ಣದ ವೇಷ, ಪೇಸ್ಟ್ ಕಲಸಿದರೆ ಗಾರೆ ಮೆತ್ತಿದ ಗೋಡೆಯ ವೇಷ. ಯಾವ ವೇಷ ಅಂತ ನೀವೇ ಹೇಳಬೇಕು. ಹೇಳದಿದ್ದರೆ ಟ್ಯೂಬಿನಿಂದ ಬಂದ ಹಾಗೇ, ಎಲ್ಲರ ಕೈಯಲ್ಲೂ ಒಂದೇ ಥರ ಒಣಗಿ ಕೂರುತ್ತದೆ.

ಅದಕ್ಕೆ ಕಾರಣ ಅದರ ಪ್ರಾಯವೂ ಹೌದು. ತೈಲವರ್ಣದ ಹಿಂದೆ ಶತಮಾನಗಳ ಗುರುಪರಂಪರೆಯಿದೆ. ಅಕ್ರಿಲಿಕ್‌ನ ಚರಿತ್ರೆ ಒಬ್ಬ ಮನುಷ್ಯನ ತುಂಬು ಆಯುಷ್ಯದಷ್ಟು. 1936ರಲ್ಲಿ ಮೆಕ್ಸಿಕೊದ ಭಿತ್ತಿಚಿತ್ರಕಾರ ಡೇವಿಡ್ ಅಲ್ಫಾರೊ ಸಿಕೇರೊಸ್ ನ್ಯೂಯಾರ್ಕ್‌ನಲ್ಲಿ ಪ್ರಯೋಗದ ಕಾರ್ಯಾಗಾರವೊಂದನ್ನು ನಡೆಸಿ, ಕಾರಿಗೆ ಬಳಿಯುವಂಥ ಕೈಗಾರಿಕಾ ಬಣ್ಣಗಳನ್ನು ಸುರಿದು, ಸಿಂಪಡಿಸಿ, ಚೆಲ್ಲಿ ನೋಡಿದರು. ಅಲ್ಲಿಗೆ ಬರುತ್ತಿದ್ದ ಹುಡುಗರಲ್ಲಿ, ಮುಂದೆ ಬಣ್ಣ ಚೆಲ್ಲಿ ಬರೆದ ಚಿತ್ರಗಳಿಂದ ಹೆಸರಾದ ಜಾಕ್ಸನ್ ಪೊಲಾಕ್ ಒಬ್ಬರು. 1940ರ ದಶಕದ ಕೊನೆಗೆ ಬಣ್ಣ ತಯಾರಕರಾದ ಲಿಯೊನಾರ್ಡ್ ಬೊಕೂರ್ ಮತ್ತು ಸ್ಯಾಮ್ ಗೋಲ್ಡನ್ 'ಮ್ಯಾಗ್ನಾ' ಎಂಬ ಅಕ್ರಿಲಿಕ್ ಬಣ್ಣ ತಂದರು. ಅದನ್ನು ತೆಳು ಮಾಡಲು ನೀರು ಸಾಲದು, ಟರ್ಪೆಂಟೈನ್‌ನಂಥ ದ್ರಾವಕ ಬೇಕಿತ್ತು. ನೀರಿನಲ್ಲಿ ಕಲಸುವ ಇವತ್ತಿನ ಬಗೆಯದು ಚಿತ್ರಕಾರರ ಕೈಗೆ ಬಂದದ್ದು 1950ರ ದಶಕದ ನಡುವಿನಲ್ಲಿ, ಹೆನ್ರಿ ಲೆವಿಸನ್‌ರ 'ಲಿಕ್ವಿಟೆಕ್ಸ್' ಮೂಲಕ.

ಬಂದ ಕೆಲವೇ ವರ್ಷಗಳಲ್ಲಿ ಜನ ಅದನ್ನು ಹೇಗೆ ಎರಡು ದಿಕ್ಕಿಗೆ ಎಳೆದರು ನೋಡಿ. ಅಮೆರಿಕದ ಚಿತ್ರಕಾರ ಮಾರಿಸ್ ಲೂಯಿಸ್ ಮ್ಯಾಗ್ನಾವನ್ನು ತೀರಾ ತೆಳುವಾಗಿಸಿ, ಜೆಸ್ಸೊ ಎಂಬ ಬಿಳಿ ತಳಲೇಪ ಹಚ್ಚದ ಬರಿಯ ಕ್ಯಾನ್ವಾಸಿನ ಮೇಲೆ ಸುರಿದರು. ಬಣ್ಣ ಬಟ್ಟೆಯ ನೂಲಿಗೇ ಇಳಿಯಿತು. ಕುಂಚದ ಗುರುತೇ ಇಲ್ಲ. ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿ 1967ರಲ್ಲಿ 'ಎ ಬಿಗ್ಗರ್ ಸ್ಪ್ಲಾಶ್' ಬರೆದಾಗ ಆಕಾಶ, ಗೋಡೆ, ಈಜುಕೊಳಗಳ ದೊಡ್ಡ ಜಾಗಗಳನ್ನು ರೋಲರಿನಿಂದ ಸಪಾಟಾಗಿ ಬಳಿದು, ಕ್ಷಣಮಾತ್ರದಲ್ಲಿ ಆಗಿಹೋಗುವ ಆ ನೀರಿನ ಚಿಮ್ಮುವಿಕೆಯನ್ನು ಸಣ್ಣ ಕುಂಚಗಳಲ್ಲಿ ಸುಮಾರು ಎರಡು ವಾರ ಕೂತು ಬರೆದರು. ಬಣ್ಣಗಳ ಕುಲ ಒಂದೇ. ಒಬ್ಬರಿಗೆ ಅದು ಹರಿಯುವುದು ಬೇಕಿತ್ತು, ಇನ್ನೊಬ್ಬರಿಗೆ ಅದು ಬೇಗ ಒಣಗಿ ಸಪಾಟಾಗಿ ಕೂರುವುದು ಬೇಕಿತ್ತು. ಶೈಲಿ ಎಂದು ನಾವು ಕರೆಯುವುದರ ಬಹುಪಾಲು ಇಂಥ ಬೇಕು-ಬೇಡಗಳೇ.

ಒಣಗುವಾಗ ಏನಾಗುತ್ತದೆ

ಮೀಡಿಯಂಗಳ ಕಪಾಟಿನ ಮುಂದೆ ಕಂಗಾಲಾಗದಿರಲು ಒಂದೇ ಒಂದು ವಿಷಯ ಗೊತ್ತಿದ್ದರೆ ಸಾಕು. ಟ್ಯೂಬಿನೊಳಗೆ ಮುಖ್ಯವಾಗಿ ಮೂರು ಪದಾರ್ಥ: ವರ್ಣದ ಪುಡಿ, ನೀರು, ಮತ್ತು ನೀರಿನಲ್ಲಿ ತೇಲುವ ಅಕ್ರಿಲಿಕ್ ಪ್ಲಾಸ್ಟಿಕ್‌ನ ಅತಿಸಣ್ಣ ಗುಂಡುಗಳು. ಒಂದೊಂದು ಗುಂಡು ಹೆಚ್ಚೂಕಡಿಮೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು. ನೀರು ಆವಿಯಾದಂತೆ ಈ ಗುಂಡುಗಳು ಒತ್ತೊತ್ತಾಗಿ ಬಂದು, ಒಂದಕ್ಕೊಂದು ಬೆಸೆದುಕೊಂಡು, ವರ್ಣದ ಪುಡಿಯನ್ನು ಹಿಡಿದಿಟ್ಟ ಒಂದು ಪೊರೆಯಾಗುತ್ತವೆ. ಒಮ್ಮೆ ಬೆಸೆದರೆ ಮುಗಿಯಿತು, ಮತ್ತೆ ನೀರು ಹಾಕಿದರೆ ಬಿಡುವುದಿಲ್ಲ. ತೆಳು ಪದರಕ್ಕೆ ಇದಕ್ಕೆ ಹತ್ತು ಇಪ್ಪತ್ತು ನಿಮಿಷ ಸಾಕು. ದಪ್ಪಗೆ ಮೆತ್ತಿದ್ದು ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ವಾರಗಟ್ಟಲೆ ಹಸಿ ಇರಬಹುದು. ಚಳಿ ಹೆಚ್ಚಿದ್ದರೆ, ಸುಮಾರು 9–10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಗುಂಡುಗಳು ಸರಿಯಾಗಿ ಬೆಸೆಯುವುದೇ ಇಲ್ಲ.

ಹಸಿಯಿದ್ದಾಗ ಈ ಗುಂಡುಗಳು ಬೆಳಕನ್ನು ಚದುರಿಸುವುದರಿಂದ ದ್ರಾವಣ ಹಾಲಿನಂತೆ ಬೆಳ್ಳಗಿರುತ್ತದೆ. ಒಣಗಿ ಬೆಸೆದ ಮೇಲೆ ಪಾರದರ್ಶಕ. ಪ್ಯಾಲೆಟ್ಟಿನ ಮೇಲೆ ಸರಿಯಾಗಿ ಕಂಡ ಬಣ್ಣ ಗೋಡೆಗೆ ತೂಗುಹಾಕಿದ ಮೇಲೆ ಒಂದು ಛಾಯೆ ಕಪ್ಪಾಗಿ ಕಾಣುವುದು ಇದರಿಂದಲೇ. ನಿಮ್ಮ ಕಣ್ಣಿನ ತಪ್ಪಲ್ಲ. ಮೀಡಿಯಂ ಜಾಸ್ತಿ ಬೆರೆಸಿದಷ್ಟೂ ಈ ವ್ಯತ್ಯಾಸ ಹೆಚ್ಚು. ಬಣ್ಣ ಹೊಂದಿಸುವಾಗ ಪಕ್ಕದಲ್ಲೊಂದು ಚೂರು ಕಾಗದಕ್ಕೆ ಒಂದು ಬೊಟ್ಟು ಇಟ್ಟು, ಒಣಗಿಸಿ ನೋಡುವುದು ಒಳ್ಳೆಯ ಚಾಳಿ.

ಇನ್ನೊಂದು ಗುಣವನ್ನು ನಾನು ಪೆಟ್ಟು ತಿಂದು ಕಲಿತೆ. ಒಣಗಿದ ಅಕ್ರಿಲಿಕ್ ಪೊರೆ ಗಟ್ಟಿ ಕಲ್ಲಾಗುವುದಿಲ್ಲ, ಬೆಚ್ಚಗಾದರೆ ಅಂಟಂಟಾಗುವ ಪ್ಲಾಸ್ಟಿಕ್ಕೇ ಅದು. ಎರಡು ಚಿತ್ರಗಳನ್ನು ಮುಖಕ್ಕೆ ಮುಖ ಸೇರಿಸಿ, ಮೇಲೊಂದಿಷ್ಟು ಪುಸ್ತಕ ಹೇರಿ ಇಟ್ಟಿದ್ದೆ. ಸೆಕೆಯ ದಿನಗಳು. ತಿಂಗಳ ನಂತರ ಬಿಡಿಸಲು ಹೋದರೆ ಒಂದರ ಹಳದಿ ಇನ್ನೊಂದರ ಆಕಾಶಕ್ಕೆ ಅಂಟಿಕೊಂಡೇ ಬಂತು. ಈಗ ನಡುವೆ ನುಣುಪಾದ ಸಿಲಿಕೋನ್ ಲೇಪದ ಕಾಗದ ಇಡದೆ ಪೇರಿಸುವುದಿಲ್ಲ.

ಮೀಡಿಯಂ ಯಾವುದು, ಬರೀ ಸೇರ್ಪಡೆ ಯಾವುದು

ಡಬ್ಬಿಗಳೆಲ್ಲ ಒಂದೇ ಥರ ಕಂಡರೂ ಅವುಗಳಲ್ಲಿ ಎರಡು ಜಾತಿ. ಒಂದರಲ್ಲಿ ಆ ಅಕ್ರಿಲಿಕ್ ಗುಂಡುಗಳಿವೆ: ಅಂದರೆ ಅದು ಬಣ್ಣವಿಲ್ಲದ ಬಣ್ಣ. ಇದೇ ಮೀಡಿಯಂ. ಎಷ್ಟು ಬೇಕಾದರೂ ಬೆರೆಸಿ, ಪೊರೆ ಗಟ್ಟಿಯಾಗಿಯೇ ಕೂರುತ್ತದೆ. ಇನ್ನೊಂದು ಜಾತಿಯಲ್ಲಿ ಗುಂಡುಗಳಿಲ್ಲ. ಒಣಗುವುದನ್ನು ತಡಮಾಡುವ ರಿಟಾರ್ಡರ್, ಬಣ್ಣ ಸರಾಗವಾಗಿ ಹರಡುವಂತೆ ಮಾಡುವ ಫ್ಲೋ ಇಂಪ್ರೂವರ್ ಇಂಥವು. ಇವನ್ನು ಔಷಧಿಯ ಲೆಕ್ಕದಲ್ಲಿ ಹಾಕಬೇಕು. ಡಬ್ಬಿಯ ಮೇಲೆ ಬರೆದ ಮಿತಿ ದಾಟಿದರೆ ಚಿತ್ರ ತಿಂಗಳಾದರೂ ಕೈಗೆ ಅಂಟುತ್ತದೆ, ಹಾರಿ ಬಂದ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ನೀರೂ ಎರಡನೆಯ ಜಾತಿಯೇ. ತುಂಬ ನೀರು ಹಾಕಿದರೆ ಗುಂಡುಗಳು ದೂರ ದೂರ ಬಿದ್ದು ಪೊರೆ ತೆಳುವಾಗುತ್ತದೆ. ಕಾಗದ, ಬರಿಯ ಕ್ಯಾನ್ವಾಸಿನಂಥ ಹೀರುವ ಮೇಲ್ಮೈ ಆದರೆ ನಾರೇ ಅದನ್ನು ಹಿಡಿದುಕೊಳ್ಳುತ್ತದೆ, ಚಿಂತೆಯಿಲ್ಲ. ಈಗಾಗಲೇ ಒಣಗಿ ನುಣುಪಾದ ಅಕ್ರಿಲಿಕ್ ಮೇಲೆ ಅದನ್ನೇ ಬಳಿದರೆ, ಮುಂದಿನ ಪದರ ಹಾಕುವಾಗ ಒದ್ದೆ ಕುಂಚಕ್ಕೆ ಎದ್ದು ಬರಬಹುದು. ಅಲ್ಲಿ ನೀರಿನ ಬದಲು ತೆಳುವಾದ ಮೀಡಿಯಂ ಹಾಕಿ.

ಇನ್ನು ಮೀಡಿಯಂಗಳಲ್ಲಿ ಗ್ಲಾಸಿ ಮತ್ತು ಮ್ಯಾಟ್ ಎಂಬ ಎರಡನ್ನು ಅರ್ಥ ಮಾಡಿಕೊಂಡರೆ ಉಳಿದವು ತಾವಾಗಿಯೇ ದಾರಿಗೆ ಬರುತ್ತವೆ. ಅಕ್ರಿಲಿಕ್ ಪೊರೆಯ ಸಹಜ ಸ್ಥಿತಿ ಹೊಳಪು. ಅದಕ್ಕೆ ಸಿಲಿಕಾದಂಥ ಅತಿನುಣ್ಣನೆಯ ಪುಡಿ ಸೇರಿಸಿ ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ಒರಟು ಮಾಡುತ್ತಾರೆ. ಬೆಳಕು ಒಂದೇ ದಿಕ್ಕಿಗೆ ಮರಳದೆ ಚೆದುರುತ್ತದೆ, ಅದೇ ಮ್ಯಾಟ್. ಆ ಪುಡಿ ಪೊರೆಯ ಒಳಗೂ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಒಂದು ಪದರ ಮ್ಯಾಟ್ ಮೀಡಿಯಂ ಸುಂದರ. ಐದಾರು ಪದರವಾದರೆ ಕಡುಬಣ್ಣದ ಮೇಲೆ ಮಂಜು ಕವಿದ ಹಾಗಾಗುತ್ತದೆ. ಆದ್ದರಿಂದ ಪದರದ ಮೇಲೆ ಪದರವಾಗಿ ಪಾರದರ್ಶಕ ಗ್ಲೇಜ್ ಹಾಕುವವರು ಎಲ್ಲವನ್ನೂ ಗ್ಲಾಸಿಯಲ್ಲೇ ಕಟ್ಟಿ, ಹೊಳಪು ಬೇಡವೆನಿಸಿದರೆ ಕೊನೆಗೊಮ್ಮೆ ಮ್ಯಾಟ್ ವಾರ್ನಿಶ್ ಹಚ್ಚುತ್ತಾರೆ. ಆದರೆ ನಿಮಗೆ ಆ ಮಂಜೇ ಬೇಕಾಗಿದ್ದರೆ? ದೂರದ ಬೆಟ್ಟಸಾಲಿಗೆ, ಹಳೆಯ ಗೋಡೆಗೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಜೆಲ್ ಅಂದರೆ ಅದೇ ಮೀಡಿಯಂ, ದಪ್ಪಗಿನದು. ಕುಂಚದ, ಪ್ಯಾಲೆಟ್ ನೈಫಿನ ಗುರುತನ್ನು ಹಾಗೇ ಹಿಡಿದಿಡುತ್ತದೆ, ಪಾರದರ್ಶಕವಾಗಿಯೇ ಒಣಗುತ್ತದೆ. ಮಾಡೆಲಿಂಗ್ ಪೇಸ್ಟ್‌ನಲ್ಲಿ ಅಮೃತಶಿಲೆಯ ಪುಡಿ ಇರುವುದರಿಂದ ಬೆಳ್ಳಗೆ, ಗಟ್ಟಿಯಾಗಿ ಒಣಗುತ್ತದೆ. ಒಣಗಿದ ಮೇಲೆ ಕೆತ್ತಬಹುದು, ಉಪ್ಪುಕಾಗದದಿಂದ ಉಜ್ಜಬಹುದು. ಬಣ್ಣವನ್ನು ಇದರೊಳಗೇ ಕಲಸಿದರೆ ತಿಳಿಯಾಗುತ್ತದೆ, ಏಕೆಂದರೆ ಬಿಳಿ ಆಗಲೇ ಒಳಗಿದೆ. ಪ್ಯೂಮಿಸ್ ಜೆಲ್‌ನಲ್ಲಿ ಜ್ವಾಲಾಮುಖಿ ಕಲ್ಲಿನ ಹರಳು, ಗ್ಲಾಸ್ ಬೀಡ್ ಜೆಲ್‌ನಲ್ಲಿ ಪುಟ್ಟ ಗಾಜಿನ ಮಣಿಗಳು. ಟಾರ್ ಜೆಲ್ ಎಂಬುದೊಂದಿದೆ, ಕಡ್ಡಿಯಿಂದ ಎತ್ತಿದರೆ ಕಡಿಯದ ದಾರವಾಗಿ ಇಳಿಯುತ್ತದೆ; ಬಣ್ಣ ಕಲಸಿ ಗಾಳಿಯಲ್ಲಿ ಗೆರೆ ಎಳೆಯಬಹುದು. ಆಟವಾಡಲು ಬಲು ಚೆನ್ನ. ನನಗೆ ಎರಡು ದಿನದಲ್ಲಿ ಬೇಸರ ಬಂತು.

ಎಲ್ಲವನ್ನೂ ಒಟ್ಟಿಗೆ ಕೊಳ್ಳುವ ಆಸೆಯನ್ನು ತಡೆಯಿರಿ. ಒಂದು ಗ್ಲಾಸಿ, ಒಂದು ಮ್ಯಾಟ್, ಒಂದು ದಪ್ಪ ಜೆಲ್ ಇದ್ದರೆ ಆರು ತಿಂಗಳ ಕೆಲಸ ಇದೆ.

ಪುಡಿಗೂ ಗುಣವಿದೆ

ಮೀಡಿಯಂ ಎಷ್ಟೇ ಬದಲಿಸಿದರೂ ಕೆಲವು ಬಣ್ಣ ಮಾತು ಕೇಳುವುದಿಲ್ಲ. ಥ್ಯಾಲೋ ನೀಲಿ, ಕ್ವಿನಾಕ್ರಿಡೋನ್ ಮೆಜೆಂಟಾದಂಥ ಆಧುನಿಕ ವರ್ಣಗಳು ಪಾರದರ್ಶಕ, ಕಡು ತೀಕ್ಷ್ಣ. ಒಂದು ಚಿಟಿಕೆ ಇಡೀ ಪ್ಯಾಲೆಟ್ಟನ್ನು ನುಂಗುತ್ತದೆ. ಕ್ಯಾಡ್ಮಿಯಂ, ಕಬ್ಬಿಣದ ಆಕ್ಸೈಡ್‌ಗಳ ಕಾವಿ-ಕೆಂಪುಗಳು ಮುಚ್ಚುವ ಬಣ್ಣಗಳು. ಟೈಟಾನಿಯಂ ಬಿಳಿ ಎಲ್ಲವನ್ನೂ ಮುಚ್ಚುತ್ತದೆ, ಜಿಂಕ್ ಬಿಳಿ ಅಷ್ಟು ಮುಚ್ಚುವುದಿಲ್ಲ. ಕಪ್ಪು ಮಾರ್ಕರಿನಲ್ಲಿ ಒಂದು ಗೆರೆ ಎಳೆದು ಅದರ ಮೇಲೆ ನಿಮ್ಮ ಎಲ್ಲ ಬಣ್ಣಗಳನ್ನೂ ಒಂದೊಂದು ಪಟ್ಟಿಯಾಗಿ ಬಳಿಯಿರಿ. ಗೆರೆ ಎಲ್ಲಿ ಕಾಣುತ್ತದೆ, ಎಲ್ಲಿ ಮಾಯವಾಗುತ್ತದೆ ಎಂಬುದೇ ಉತ್ತರ.

ಟ್ಯೂಬಿನ ಹಿಂಭಾಗದಲ್ಲಿ ವರ್ಣದ ಸಂಕೇತ ಇರುತ್ತದೆ. ಪಿಬಿ 29 ಎಂದಿದ್ದರೆ ಅಲ್ಟ್ರಾಮರೀನ್ ನೀಲಿ, ಪಿಬಿ 15 ಎಂದಿದ್ದರೆ ಥ್ಯಾಲೋ. ಒಂದೇ ಸಂಕೇತವಿದ್ದರೆ ಒಂದೇ ವರ್ಣ. ಮೂರಿದ್ದರೆ ಆಗಲೇ ಮೂರರ ಮಿಶ್ರಣ. ಅಂಥ ಎರಡು ಮಿಶ್ರಣಗಳನ್ನು ನೀವು ಬೆರೆಸಿದರೆ ಆರು ವರ್ಣ ಸೇರಿ ಕೆಸರಾಗುತ್ತದೆ, ಮತ್ತೆ ಬೈಯುವುದು ನಮ್ಮ ಕೈಯನ್ನೇ.

ಒಂದು ಸಲಕ್ಕೆ ಒಂದೇ ಬದಲಾವಣೆ

ಪ್ರಯೋಗ ಅಂದರೆ ಸಿಕ್ಕಿದ್ದನ್ನೆಲ್ಲ ಸಿಕ್ಕಿದ್ದರ ಮೇಲೆ ಸುರಿಯುವುದು ಎಂಬ ಕಲ್ಪನೆಯಿದೆ. ಅದರಲ್ಲಿ ಖುಷಿಯಿದೆ, ಒಪ್ಪುತ್ತೇನೆ. ಚೆನ್ನಾಗಿ ಬಂದರೆ ಮತ್ತೆ ಮಾಡಲು ಬರುವುದಿಲ್ಲ, ಕೆಟ್ಟರೆ ಯಾಕೆ ಕೆಟ್ಟಿತೆಂದು ತಿಳಿಯುವುದಿಲ್ಲ, ಅಷ್ಟೇ. ಬಣ್ಣ, ಕುಂಚ, ಕಾಗದ ಅವೇ ಇರಲಿ. ಮೀಡಿಯಂ ಒಂದು ಬದಲಾಗಲಿ. ಮರುದಿನ ಮೀಡಿಯಂ ಅದೇ ಇರಲಿ, ಪ್ರಮಾಣ ಬದಲಾಗಲಿ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಏನು, ಎಷ್ಟು, ಯಾವತ್ತು ಎಂದು ಬರೆದಿಡಿ. ಇದು ಗುಮಾಸ್ತರ ಕೆಲಸ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಬರೆಯದ ತುಂಡುಗಳು ಈಗ ನನ್ನ ಪಾಲಿಗೆ ಬರೀ ನೀಲಿ ಕಾಗದ.

ನನಗೆ ಹೆಚ್ಚು ಕಲಿಸಿದ್ದು ಒಂದು ಒರೆಸುವ ಪ್ರಯೋಗ. ಒಣಗಿದ ಬಿಳಿ ಜೆಸ್ಸೊ ಮೇಲೆ ಒಂದೇ ದಪ್ಪದ ಐದು ಪಟ್ಟಿ ಬಳಿದೆ. ಗಡಿಯಾರ ಮುಂದಿಟ್ಟುಕೊಂಡು ಒಂದನ್ನು ಒಂದು ನಿಮಿಷಕ್ಕೆ, ಮಿಕ್ಕವನ್ನು ಮೂರು, ಐದು, ಎಂಟು, ಹದಿನೈದು ನಿಮಿಷಕ್ಕೆ ಒದ್ದೆ ಬಟ್ಟೆಯಿಂದ ಒರೆಸಿದೆ. ಮೊದಲನೆಯದು ಪೂರ್ತಿ ಹೋಯಿತು, ತೆಳು ಕಲೆ ಉಳಿಯಿತು. ಕೊನೆಯದು ಅಲುಗಲಿಲ್ಲ. ಸ್ವಾರಸ್ಯವೆಲ್ಲ ಮಧ್ಯದ್ದರಲ್ಲಿ. ಬಣ್ಣ ತೆಳುವಿರುವ ಅಂಚಿನಿಂದ ಒಣಗುತ್ತಾ ಬರುವುದರಿಂದ, ಐದನೆಯ ನಿಮಿಷದ ಪಟ್ಟಿಯಲ್ಲಿ ನಡುಭಾಗವೆಲ್ಲ ಬಟ್ಟೆಗೆ ಬಂದು, ಸುತ್ತ ಕಡುನೀಲಿಯ ಸಣ್ಣ ಗೆರೆಯೊಂದು ಉಳಿದುಕೊಂಡಿತು. ಯಾರೋ ನಿಬ್ಬಿನಿಂದ ಎಳೆದ ಹಾಗೆ, ಆದರೆ ಯಾವ ನಿಬ್ಬಿಗೂ ಬಾರದಷ್ಟು ಅಂಕುಡೊಂಕಾಗಿ. "ಬೇಗ ಒಣಗುತ್ತದೆ" ಎಂಬ ದೂರಿನೊಳಗೇ ಇದು ಅಡಗಿ ಕೂತಿತ್ತು. ಮೀಡಿಯಂ ಬದಲಿಸಿದರೆ ಆ ನಿಮಿಷಗಳೂ ಬದಲಾಗುತ್ತವೆ: ರಿಟಾರ್ಡರ್ ಹಾಕಿದರೆ ಹಿಗ್ಗುತ್ತವೆ, ಹೀರುವ ಕಾಗದವಾದರೆ ಕುಗ್ಗುತ್ತವೆ. ನಿಮ್ಮ ಕೋಣೆಯ ಗಾಳಿ ಬೇರೆ, ಹಾಗಾಗಿ ನನ್ನ ನಿಮಿಷಗಳನ್ನು ನಂಬಬೇಡಿ.

ಇದೇ ಹಾದಿಯಲ್ಲಿ ಒಣಗಿದ ಪದರವನ್ನು ಒದ್ದೆ ಉಪ್ಪುಕಾಗದದಿಂದ ಉಜ್ಜಿ ಕೆಳಗಿನ ಬಣ್ಣ ಹೊರತರಬಹುದು. ರಬ್ಬಿಂಗ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒಣಗಿದ ಬಣ್ಣವನ್ನೂ ಮೆತ್ತಗಾಗಿಸಿ ತೆಗೆಯಬಹುದು. ನೀರಿಗೆ ಜಗ್ಗದ ಪೊರೆ ಅದಕ್ಕೆ ಸಡಿಲಾಗುತ್ತದೆ. ನುಣುಪಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಜೆಲ್ ಬಳಿದು, ಒಣಗಿದ ಮೇಲೆ ಚರ್ಮದ ಹಾಗೆ ಸುಲಿದು, ಚಿತ್ರಕ್ಕೆ ಅಂಟಿಸಬಹುದು. ಉಜ್ಜುವಾಗ ಧೂಳು ಏಳದಂತೆ ಒದ್ದೆ ಮಾಡಿಯೇ ಉಜ್ಜಿ, ಆಲ್ಕೊಹಾಲ್ ಬಳಸುವಾಗ ಕಿಟಕಿ ತೆರೆದಿರಲಿ. ಕುಂಚವನ್ನಂತೂ ಒಣಗಲು ಬಿಡಲೇಬೇಡಿ, ಗುಂಡುಗಳು ಕೂದಲ ಬುಡದಲ್ಲೂ ಬೆಸೆದುಕೊಳ್ಳುತ್ತವೆ.

ಕಟ್ಟನ್ನು ಬಿಚ್ಚಿ ನೋಡಿದಾಗ

ನಲವತ್ತು ತುಂಡುಗಳಾದ ಮೇಲೆ ಅವನ್ನು ತಿಂಗಳು ಕಾಲ ಮುಟ್ಟಲಿಲ್ಲ. ಆಮೇಲೆ ನೆಲದ ಮೇಲೆ ಹರಡಿ, ಹಿಂಬದಿ ಓದದೆ, ಮನೆಗೋಡೆಯ ಮೇಲೆ ದಿನಾ ನೋಡಬಲ್ಲೆ ಅನ್ನಿಸಿದ ಎಂಟನ್ನು ಆರಿಸಿದೆ. ನನ್ನನ್ನು ಯಾರಾದರೂ ಕೇಳಿದ್ದರೆ ಗ್ಲೇಜ್ ನನಗಿಷ್ಟ ಎನ್ನುತ್ತಿದ್ದೆ, ವರ್ಷಗಟ್ಟಲೆ ಹಾಗೇ ಹೇಳಿಕೊಂಡು ಬಂದಿದ್ದೆ. ಆರಿಸಿದ ಎಂಟರಲ್ಲಿ ಗ್ಲೇಜ್ ಇದ್ದದ್ದು ಒಂದು. ಆರರಲ್ಲಿ ಬಣ್ಣ ಹಚ್ಚಿ ಆಮೇಲೆ ತೆಗೆದಿದ್ದೆ: ಒರೆಸಿದ್ದು, ಉಜ್ಜಿದ್ದು, ಕೆರೆದದ್ದು. ಬಹುತೇಕ ಎಲ್ಲವೂ ಮ್ಯಾಟ್. ಬಾಯಿ ಹೇಳುತ್ತಿದ್ದುದು ಒಂದು, ಕಣ್ಣು ಬಯಸಿದ್ದು ಇನ್ನೊಂದು.

ಶೈಲಿ ಹುಡುಕುವವರು ತಮಗಿಷ್ಟವಾದ ಚಿತ್ರಕಾರರಿಂದ ಶುರು ಮಾಡುತ್ತಾರೆ. ಅದರಿಂದ ಕೈ ಪಳಗುತ್ತದೆ, ಬೇಡವೆನ್ನಲಾರೆ. ಆದರೆ ಮೆಚ್ಚುವುದು ಬೇರೆ, ಕೈಗೆ ಒಗ್ಗುವುದು ಬೇರೆ. ಗ್ಲೇಜ್‌ಗೆ ಕಾಯುವ ತಾಳ್ಮೆ ಬೇಕು, ಮೊದಲೇ ಯೋಜನೆ ಬೇಕು. ನನಗೆ ಎರಡೂ ಕಡಿಮೆ. ತೆಗೆಯುವ ಕೆಲಸಕ್ಕೆ ಬೇಕಾದ್ದು ಸರಿಯಾದ ನಿಮಿಷದಲ್ಲಿ ಬಟ್ಟೆ ಹಿಡಿದು ಎದ್ದು ನಿಲ್ಲುವ ಚುರುಕು. ಆ ಎಂಟು ತುಂಡುಗಳಲ್ಲಿ ನನ್ನ ಈ ಸ್ವಭಾವ ಬಣ್ಣಕ್ಕಿಂತ ಸ್ಪಷ್ಟವಾಗಿ ಕಾಣುತ್ತಿತ್ತು.

ಮುಂದಿನ ಹೆಜ್ಜೆ ತುಂಡಿನಿಂದ ಚಿತ್ರಕ್ಕೆ. ಇಲ್ಲಿ ವಸ್ತುವನ್ನು ಬದಲಿಸಬೇಡಿ. ನಾನು ಕಿಟಕಿ ಪಕ್ಕದ ಮರದ ಕುರ್ಚಿಯನ್ನು ಮೂರು ಸಲ ಬರೆದೆ, ಒಂದೇ ಅಳತೆಯಲ್ಲಿ, ಮೂರು ಬಣ್ಣ ಮತ್ತು ಒಂದು ಬಿಳಿಯಲ್ಲಿ. ಮೊದಲನೆಯದು ಗ್ಲೇಜ್: ಅಚ್ಚುಕಟ್ಟಾಗಿ ಬಂತು, ಸಾವಿರ ಜನ ಬರೆದ ಕುರ್ಚಿಯಂತಿತ್ತು. ಎರಡನೆಯದಕ್ಕೆ ದಪ್ಪ ಜೆಲ್ ಮೆತ್ತಿ, ಬೇಗ ಒಣಗಲೆಂದು ಹೇರ್ ಡ್ರೈಯರ್ ಹಿಡಿದೆ. ಮೇಲ್ಪದರ ಮೊದಲು ಒಣಗಿ ಸೆಳೆದು ಕೂದಲಿನಂಥ ಬಿರುಕು ಬಿಟ್ಟಿತು. ಮೂರನೆಯದರಲ್ಲಿ ಕಾವಿಯ ಮೇಲೆ ಮ್ಯಾಟ್ ನೀಲಿ ಹರಡಿ, ಕುರ್ಚಿ ಇರುವ ಜಾಗವನ್ನು ಐದನೆಯ ನಿಮಿಷಕ್ಕೆ ಒರೆಸಿ ತೆಗೆದೆ. ಕುರ್ಚಿ ಬರೆದದ್ದಲ್ಲ, ಉಳಿದದ್ದು. ಅದರ ನಾಲ್ಕೂ ಕಾಲುಗಳ ಸುತ್ತ ಆ ಅಂಕುಡೊಂಕು ನೀಲಿ ಗೆರೆ ನಿಂತಿತ್ತು. ತಿದ್ದಲು ಸಣ್ಣ ಕುಂಚ ಕೈಗೆತ್ತಿಕೊಂಡಿದ್ದೆ. ಆಮೇಲೆ ತೊಳೆದು ಹಾಗೇ ಇಟ್ಟೆ.